ಸುಮ್ಮನೆ ಕೂರಲಾರದ ಚಟಪಟಿ

ಕುರುಚಲು ಕಾಡಿನ ಕೊಳವೊಂದರಲ್ಲಿ ಸಿಳ್ಳೆಬಾತುಗಳ ದಂಡು ವಾಸವಾಗಿತ್ತು. ಮಕ್ಕಳೇ, ದಂಡಿಗೂ ಗುಂಪಿಗೂ ವ್ಯತ್ಯಾಸವಿದೆ. ಗುಂಪು ಮನಬಂದಂತೆ ಹಾರುತ್ತದೆ, ದಂಡು ಸಾಲು ತಪ್ಪದೆ ಹಾರುತ್ತದೆ. ಈ ದಂಡಿನ ಸಾಲಿಗೆ ಹಿರಿಯ ಬಾತು ಗೌರಜ್ಜಿಯೇ ಮುಂದಾಳು.

ಆ ವರ್ಷ ಬಿಸಿಲು ಕೊಳವನ್ನು ಹೀರಿಬಿಟ್ಟಿತು. ನೀರು ಹೋಗಿ ಕೆಸರು ಉಳಿಯಿತು. ಬಾತುಗಳು ಕಾಲಿಟ್ಟರೆ ಕಾಲು ಹೂತುಕೊಳ್ಳುತ್ತಿತ್ತು. ಗುಡ್ಡದಾಚೆ ದೊಡ್ಡ ಕೆರೆಯೇನೋ ಇತ್ತು. ಆದರೆ ಅಲ್ಲಿಗೆ ಹೋಗಲು ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಸಂದಿಯೊಂದೇ ದಾರಿ, ಆ ಸಂದಿಯಲ್ಲಿ ಗಿಡುಗನ ವಾಸ.

ಇಂಥ ಕಡೆ ದಂಡು ಹೊರಡುವ ಮೊದಲು ಒಂದು ಬಾತು ಒಂಟಿಯಾಗಿ ಮುಂದೆ ಹೋಗಿ ನೋಡಬೇಕು. ಅದಕ್ಕೆ ಬೇಹು ಎಂದು ಹೆಸರು. ಆ ಕೆಲಸ ಚಟಪಟಿಯದು. ದಂಡಿನಲ್ಲಿ ಅವಳಷ್ಟು ವೇಗವಾಗಿ ಹಾರುವವರು ಯಾರೂ ಇರಲಿಲ್ಲ, ಅವಳಷ್ಟು ಚಡಪಡಿಸುವವರೂ ಇರಲಿಲ್ಲ.

"ಸಂದಿಯ ಬಾಯಲ್ಲಿ ಒಂದು ಬಂಡೆ ಇದೆ. ಅದರ ಮರೆಯಲ್ಲಿ ಕೂತುಕೋ," ಎಂದಳು ಗೌರಜ್ಜಿ. "ಗಿಡುಗ ಬೇಟೆಗೆಂದು ಬಯಲಿನ ಕಡೆ ಹಾರಿಹೋಗುವುದನ್ನು ಕಣ್ಣಾರೆ ನೋಡು. ನೋಡಿದ ಮೇಲೆ ಉದ್ದನೆಯ ಸಿಳ್ಳೆ ಹಾಕು, ನಾವು ಬರುತ್ತೇವೆ. ಅದು ಅಲ್ಲೇ ಇದ್ದರೆ ತುಂಡು ತುಂಡಾಗಿ ಸಿಳ್ಳೆ ಹಾಕು, ನಾವು ನಿಲ್ಲುತ್ತೇವೆ. ಏನೂ ತಿಳಿಯದಿದ್ದರೆ ಬಾಯಿ ಮುಚ್ಚಿಕೊಂಡಿರು, ನಾವು ಕಾಯುತ್ತೇವೆ."

"ಗೊತ್ತಜ್ಜಿ, ಗೊತ್ತು!" ಎನ್ನುತ್ತ ಚಟಪಟಿ ಆಗಲೇ ರೆಕ್ಕೆ ಬಿಚ್ಚಿದ್ದಳು.

ಅವಳ ತಂಗಿ ಕಮಲಿ ಹಿಂದೆಯೇ ಓಡಿಬಂದಳು. "ಅಕ್ಕಾ, ನನ್ನ ಮರಿಗಳು ಈಗಷ್ಟೇ ಹಾರಲು ಕಲಿತಿವೆ. ಗಿಡುಗ ಬಂದರೆ ಅವು ತಪ್ಪಿಸಿಕೊಳ್ಳಲಾರವು. ಸರಿಯಾಗಿ ನೋಡಿ ಹೇಳೇ!"

"ನಾನಿರುವಾಗ ಗಿಡುಗ ಯಾವ ಲೆಕ್ಕ?" ಎಂದು ಚಟಪಟಿ ಹಾರಿಯೇಬಿಟ್ಟಳು.

ಗಿಡುಗ ಸಂದಿಯಲ್ಲೇ ಇತ್ತು. ಒಣಮರದ ತುದಿಯಲ್ಲಿ ಕೂತು, ಪುಕ್ಕ ತೀಡಿಕೊಳ್ಳುತ್ತಿತ್ತು. ಚಟಪಟಿ ಬಂಡೆಯ ಮರೆಯಿಂದ ತುಂಡು ತುಂಡಾಗಿ ಸಿಳ್ಳೆ ಹಾಕಿದಳು. ಕೊಳದ ಬಳಿ ದಂಡು ನಿಂತಿತು. ಇಲ್ಲಿಯವರೆಗೆ ಕೆಲಸ ಚೊಕ್ಕವಾಗಿತ್ತು.

ಆಮೇಲೆ ಮಾಡಲು ಏನೂ ಇರಲಿಲ್ಲ. ಗಿಡುಗ ಎಡರೆಕ್ಕೆ ತೀಡಿತು. ಬಲರೆಕ್ಕೆ ತೀಡಿತು. ಮತ್ತೆ ಎಡರೆಕ್ಕೆಗೇ ಬಂದಿತು. ಚಟಪಟಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ಕತ್ತು ತುರಿಸಿದಂತಾಯಿತು. ಬಾಲ ತಾನಾಗಿಯೇ ಅಲುಗಿತು. ಇದೆಂಥ ಕೆಲಸ! ಇಷ್ಟು ವೇಗದ ರೆಕ್ಕೆ ಇಟ್ಟುಕೊಂಡು ಕಲ್ಲಿನ ಹಿಂದೆ ಕೂರುವುದೇ?

ಪಕ್ಕದ ಲಂಟಾನ ಪೊದೆಯಿಂದ ಪಿಕಳಾರ ಹಕ್ಕಿಯೊಂದು ಜುಟ್ಟು ಹೊರಗೆ ಹಾಕಿತು. "ಏನು ಬಾತಕ್ಕಾ, ಮೊಟ್ಟೆಗೆ ಕಾವು ಕೊಡುತ್ತಿದ್ದೀಯಾ?"

"ಬೇಹಿನ ಮೇಲಿದ್ದೇನೆ. ಸುಮ್ಮನಿರು."

"ಓಹೋ! ಅಡಗಿ ಕೂರುವುದಕ್ಕೂ ಒಂದು ಹೆಸರಿದೆಯಾ? ನಮ್ಮ ಕಡೆ ಅದಕ್ಕೆ ಪುಕ್ಕಲುತನ ಅನ್ನುತ್ತಾರೆ."

"ಯಾರು ಪುಕ್ಕಲು? ಬೇಕಿದ್ದರೆ ಆ ಗಿಡುಗನನ್ನು ಈಗಲೇ ಓಡಿಸಬಲ್ಲೆ!"

"ಬಾಯಲ್ಲಿ ಎಲ್ಲರೂ ಓಡಿಸುತ್ತಾರೆ ಬಿಡು," ಎಂದು ಪಿಕಳಾರ ಒಂದು ಹಣ್ಣು ಕುಕ್ಕಿತು.

ಅಷ್ಟು ಸಾಕಾಯಿತು. ಚಟಪಟಿ ಬಂಡೆ ಬಿಟ್ಟು ಹಾರಿದಳು. ಒಣಮರದ ಸುತ್ತ ಒಂದು ಸುತ್ತು ಹಾಕಿ, ಗಿಡುಗನ ಬಾಲಕ್ಕೆ ಬಡಿದುಕೊಂಡೇ ಹೋದಳು. ಗಿಡುಗ ಕಿರುಚಿ ಹಿಂದೆ ಬಿದ್ದಿತು. ಅವಳು ಬಂಡೆಗಳ ನಡುವೆ ನುಸುಳಿದಳು, ಪೊದೆಯ ಅಡಿಯಲ್ಲಿ ಸರಿದಳು, ಗಕ್ಕನೆ ತಿರುಗಿದಳು. ಗಿಡುಗನ ಉಗುರಿಗೆ ಗಾಳಿ ಮಾತ್ರ ಸಿಕ್ಕಿತು. ಎಷ್ಟೋ ದಿನಗಳ ಜಡ್ಡು ಬಿಟ್ಟಂತೆ ಅವಳ ಮೈ ಹಗುರಾಯಿತು!

ಏದುಸಿರು ಬಿಡುತ್ತ ಬಂಡೆಗೆ ಮರಳಿ ನೋಡಿದರೆ ಒಣಮರ ಖಾಲಿ.

"ನೋಡಿದೆಯಾ? ಓಡಿಹೋಯಿತು!" ಎಂದಳು.

"ಭಲೇ ಬಾತಕ್ಕಾ!" ಎಂದಿತು ಪಿಕಳಾರ.

"ಯಾವ ಕಡೆ ಹೋಯಿತು?"

"ನನಗೇನು ಗೊತ್ತು? ನಾನು ನಿನ್ನ ಆಟ ನೋಡುತ್ತಿದ್ದೆ."

ಚಟಪಟಿ ಬಯಲಿನ ಕಡೆ ನೋಡಿದಳು. ಅಲ್ಲಿ ಗಿಡುಗ ಇರಲಿಲ್ಲ. ಗುಡ್ಡದ ಮೇಲೆ ಸೂರ್ಯ ಕಣ್ಣು ಕುಕ್ಕುತ್ತಿದ್ದ. ಆ ಕಡೆ ನೋಡಲಾಗದೆ ಮುಖ ತಿರುಗಿಸಿದಳು. ಅದು ಹೋದದ್ದನ್ನು ತಾನು ಕಣ್ಣಾರೆ ನೋಡಿಲ್ಲವಲ್ಲ ಎನಿಸಿತು. ಈಗ ಸುಮ್ಮನಿದ್ದು ದಂಡನ್ನು ಇನ್ನೂ ಕಾಯಿಸಿದರೆ, ಗಿಡುಗನನ್ನು ಓಡಿಸಿದೆನೆಂಬ ಮಾತಿಗೆ ಏನು ಬೆಲೆ? ಪಿಕಳಾರ ಬೇರೆ ಅವಳನ್ನೇ ನೋಡುತ್ತಿತ್ತು.

ಚಟಪಟಿ ಉದ್ದನೆಯ ಸಿಳ್ಳೆ ಹಾಕಿದಳು.

ದಂಡು ಎದ್ದಿತು. ಮುಂದೆ ಗೌರಜ್ಜಿ, ನಡುವೆ ಉಳಿದವರು, ಕೊನೆಯಲ್ಲಿ ಕಮಲಿ ಮತ್ತು ಅವಳ ಮರಿಗಳು. ಸಾಲು ಸಂದಿಯೊಳಗೆ ಬಂದಿತು. ಆಗ ಸೂರ್ಯನ ಬೆಳಕಿನೊಳಗಿಂದ, ರೆಕ್ಕೆ ಮಡಚಿಕೊಂಡು, ಗಿಡುಗ ಕಲ್ಲು ಬಿದ್ದಂತೆ ಬಿದ್ದಿತು.

ಚಟಪಟಿ ತುಂಡು ತುಂಡಾಗಿ ಸಿಳ್ಳೆ ಹಾಕಿದಳು. ಆಗಲೇ ತಡವಾಗಿತ್ತು. ಸಾಲು ಚೆದುರಿತು. ಬಾತುಗಳು ಕಿರುಚುತ್ತ ಸಂದಿಯಾಚೆಗೆ ನುಗ್ಗಿದವು.

ದೊಡ್ಡ ಕೆರೆಯಲ್ಲಿ ನೀರು ತುಂಬಿತ್ತು. ಯಾರೂ ಕುಡಿಯಲಿಲ್ಲ. ಕಮಲಿ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಂಡು, ಸಂದಿಯ ಕಡೆಗೇ ನೋಡುತ್ತಿದ್ದಳು. ಕಿರಿಯ ಮರಿ ಬರಲೇ ಇಲ್ಲ.

ಗೌರಜ್ಜಿ ಚಟಪಟಿಯ ಮುಂದೆ ಬಂದು ನಿಂತಳು. "ನೀನು ಉದ್ದನೆಯ ಸಿಳ್ಳೆ ಹಾಕಿದಾಗ ಗಿಡುಗ ಎಲ್ಲಿತ್ತು?"

"ನಾನು ಅದನ್ನು ಓಡಿಸಿದ್ದೆ, ಅಜ್ಜಿ. ಬಾಲಕ್ಕೇ ಬಡಿದೆ. ಅದಕ್ಕೆ ನನ್ನನ್ನು ಹಿಡಿಯಲು ಆಗಲೇ ಇಲ್ಲ..."

"ಓಡಿಸಿದೆಯಾ ಎಂದು ನಾನು ಕೇಳಲಿಲ್ಲ. ಎಲ್ಲಿತ್ತು ಎಂದು ಕೇಳಿದೆ."

ಚಟಪಟಿ ತಲೆ ತಗ್ಗಿಸಿದಳು. "ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ," ಎಂದಳು ಗೌರಜ್ಜಿ. "ಮಗೂ, ನೀನು ಸುಮ್ಮನಿದ್ದಿದ್ದರೆ ನಾವು ಕೆಸರಿನಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತಿರುತ್ತಿದ್ದೆವು. ಅಷ್ಟೇ."

ಚಟಪಟಿ ತಂಗಿಯ ಬಳಿಗೆ ಈಜಿದಳು. "ಕಮಲಿ..." ಎಂದಳು. ಕಮಲಿ ಬೈಯಲಿಲ್ಲ, ಅಳಲೂ ಇಲ್ಲ. ಉಳಿದ ಮರಿಗಳನ್ನು ಕರೆದುಕೊಂಡು ಕೆರೆಯ ಇನ್ನೊಂದು ದಡದ ಕಡೆ ಹೊರಟುಹೋದಳು.

ನೀತಿ: ನೋಡಲೆಂದು ಕಳುಹಿಸಿದವರು ನೋಡಬೇಕು, ಕಂಡದ್ದನ್ನು ಹೇಳಬೇಕು, ಕಾಣದಿದ್ದರೆ ತಾಳ್ಮೆಯಿಂದ ಕಾಯಬೇಕು. ಸಾಹಸ ತೋರಿಸುವ ಚಪಲಕ್ಕೆ ನಂಬಿದವರ ಜೀವ ತೆರಬಾರದು.