ಮೂರು ಕೊಂಬಿನ ವೈಫೈ

ಲೈಬ್ರರಿಯ ಫ್ಲಾವಿಯಾ ಮೇಡಂ ಹತ್ತಿರ ವಿಂಡೋಸ್ ಬದಲು ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪೊಂದಿತ್ತು. ಅದರ ವೈಫೈ ಕೆಟ್ಟುಹೋಗಿತ್ತು. ಇವತ್ತೂ ನೆಟ್ ಬರದಿದ್ದರೆ ಗುಜರಿಗೆ ಹಾಕುವುದೇ ಸೈ ಎಂದು ಗೊಣಗುತ್ತಾ ಮೇಡಂ ಚುಚ್ಚಿದರೆ ನೆಟ್ ಹಿಡಿದುಕೊಡುವ ಎರಡು ವೈಫೈ ಡಾಂಗಲ್ ತಂದು ಅದರ ಮುಂದಿಟ್ಟರು. ಒಂದಕ್ಕೆ ಮೂರು ಆಂಟೆನಾ, ಥೇಟ್ ಕೊಂಬಿನ ಹಾಗೆ. ಇನ್ನೊಂದು ಉಗುರಿನಷ್ಟೇ ಇತ್ತು.

ಕೊಂಬು ಕಂಡದ್ದೇ ಲ್ಯಾಪ್‌ಟಾಪ್ ಮರುಳಾಯಿತು. "ದಯಮಾಡಿಸಬೇಕು!" ಎಂದು ಮೊದಲು ದೊಡ್ಡದನ್ನೇ ಚುಚ್ಚಿಸಿಕೊಂಡಿತು. ಎಷ್ಟು ಹೊತ್ತಾದರೂ ನೆಟ್ಟಿನ ಸುಳಿವೇ ಇಲ್ಲ.

"ಯಾಕೆ ಸ್ವಾಮಿ, ಸುಮ್ಮನೆ ಕೂತಿರಿ?" ಎಂದು ಲ್ಯಾಪ್‌ಟಾಪ್ ಕೇಳಿತು.

"ನನ್ನನ್ನು ನಡೆಸಲು ಡ್ರೈವರ್ ಅನ್ನುವ ಸಾಫ್ಟ್‌ವೇರ್ ಬೇಕಯ್ಯಾ. ಅವನು ವಿಂಡೋಸ್ ಮನೆಯವನು. ಲಿನಕ್ಸಿನವರ ಹೊಸಿಲು ತುಳಿಯುವುದಿಲ್ಲ."

ಲ್ಯಾಪ್‌ಟಾಪಿಗೆ ಗುಜರಿ ನೆನಪಾಯಿತು. ಪುಟಾಣಿಯ ಕಡೆ ತಿರುಗಿ, "ನಿನ್ನ ಡ್ರೈವರ್ ಎಲ್ಲಿಯವನಪ್ಪಾ?" ಎಂದಿತು.

"ನಿಮ್ಮ ಮನೆಯಲ್ಲೇ ಇದ್ದಾನಲ್ಲ! ಲಿನಕ್ಸಿನ ಜೊತೆಗೇ ಬಂದವನು. ನೀವೇ ಮಾತಾಡಿಸಿಲ್ಲ."

ಪುಟಾಣಿ ಒಳಗೆ ಹೋದದ್ದೇ ತಡ, ನೆಟ್ ಬಂತು. ಮೇಡಂ ನಿಟ್ಟುಸಿರು ಬಿಟ್ಟು, ಕನ್ನಡಕ ತೆಗೆದು ದೊಡ್ಡ ಡಾಂಗಲ್ಲಿನ ಕೊಂಬಿಗೆ ನೇತುಹಾಕಿದರು.

"ನೋಡಿದೆಯಾ," ಎಂದಿತು ಅದು ಬೀಗುತ್ತಾ, "ಕೊಂಬೊಂದಿದ್ದರೆ ಎಲ್ಲಿ ಹೋದರೂ ಕೆಲಸ ಸಿಗುತ್ತದೆ!"