ಯಂಕಪ್ಪನ ಹರಿಗೋಲು ಮತ್ತು ನೂರು ಗೊರವಂಕ

ಅಂಗಡಿಗೊಂದು ವೆಬ್‌ಸೈಟ್ ಮಾಡಿಸಿದ್ದೇನೆ, ಯಾರು ಹುಡುಕಿದರೂ ನನ್ನ ಹೆಸರೇ ಎಲ್ಲಕ್ಕಿಂತ ಮೇಲೆ ಬರಬೇಕು, ಏನಾದರೂ ಉಪಾಯ ಹೇಳಿ ಅಂತ ಕೇಳಿದಿರಿ. ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಕಥೆ ಕೇಳಿ. ಮಕ್ಕಳೇ, ನೀವೂ ಹತ್ತಿರ ಬನ್ನಿ. ಹೆದರಿಕೆಯಾದರೆ ಪಕ್ಕದವರ ಕೈ ಹಿಡಿದುಕೊಳ್ಳಿ, ನಡುವೆ ಎದ್ದು ಮಾತ್ರ ಹೋಗಬೇಡಿ.

ಒಂದಾನೊಂದು ರಾಜ್ಯ. ಆ ರಾಜ್ಯದ ನಡುವೆ ಒಂದು ಹೊಳೆ. ಹೊಳೆಯ ನಡುವೆ ಕರಿಗುಂಡಿ ಅನ್ನುವ ಸುಳಿ. ಸುಳಿಯ ಸುತ್ತ ಮೊಸಳೆ. ಸೇತುವೆ ಇರಲಿಲ್ಲ, ದಾಟಬೇಕೆಂದರೆ ಹರಿಗೋಲೇ ಗತಿ. ಬಿದಿರು ಹೆಣೆದು, ತೊಗಲು ಹೊದಿಸಿ, ರಾಳ ಬಳಿದ ದುಂಡನೆಯ ಬುಟ್ಟಿ ಅದು. ಹೊಳೆಗೂ ನಿಮ್ಮ ಜೀವಕ್ಕೂ ನಡುವೆ ಇರುವುದು ಅದೊಂದು ತೊಗಲು ಮಾತ್ರ.

ಆಚೆ ದಡದಲ್ಲಿ ಒಂದು ಬಸರಿ ಮರ. ಮರದ ಮೇಲೊಂದು ಮುದಿ ಗಿಳಿ. ಪರಸ್ಥಳದವರು ಬಂದು "ಗಿಳಿಯವ್ವಾ, ಯಾರ ಹರಿಗೋಲು ಹತ್ತಲಿ?" ಅಂತ ಕೇಳಿದರೆ ಅದು ಮೂರು ಹೆಸರು ಹೇಳುತ್ತಿತ್ತು. ಜನ ಮೊದಲನೆಯ ಹೆಸರಿಗೇ ತಲೆಯಾಡಿಸಿ ನಡೆದುಬಿಡುತ್ತಿದ್ದರು. ಎರಡನೆಯದನ್ನು ಕೇಳುವ ತಾಳ್ಮೆ ಯಾರಿಗಿದೆ? ನಿಮಗಿದೆಯೇ?

ಗಿಳಿಗೆ ಕಣ್ಣು ಮಂಜು, ಕಿವಿಯೇ ಆಧಾರ. ದಿನಾ ಬೆಳಗ್ಗೆ ಊರೂರು ಹಾರಿ ಬಾಗಿಲು ಬಾಗಿಲಿಗೆ ಕಿವಿಗೊಡುತ್ತಿತ್ತು. ನಮ್ಮ ಮನೆಯಲ್ಲಿ ನಾವೇ ನಮ್ಮನ್ನು ಹೊಗಳಿಕೊಂಡರೆ ಅದು ಲೆಕ್ಕಕ್ಕಿಲ್ಲ. ಪರರ ಬಾಗಿಲಲ್ಲಿ ಯಾರ ಹೆಸರು ಹೆಚ್ಚು ಕೇಳಿಬರುತ್ತದೋ ಅವರೇ ಮೊದಲು.

ಹಾಗೆ ಬಹಳ ಕಾಲ ಮೊದಲಿದ್ದವಳು ಹುಲಿಗೆವ್ವ. ದಿನಾ ಹರಿಗೋಲನ್ನು ತಲೆಯ ಮೇಲೆ ಕವುಚಿಕೊಂಡು ಬಿಸಿಲಲ್ಲಿ ನಿಂತು ಒಳಗಿಂದ ನೋಡುವಳು. ಬೆಳಕಿನ ಒಂದು ಚುಕ್ಕೆ ಕಂಡರೂ ಅವತ್ತು ಹರಿಗೋಲು ನೀರಿಗಿಳಿಯದು. ತೊಗಲು ಹೊಲಿದು, ರಾಳ ಬಳಿದು, ಒಣಗಿದ ಮೇಲೆಯೇ ಮಾತು.

ಕೊನೆಯ ಹೆಸರು ಯಂಕಪ್ಪನದು. ಅವನ ಹರಿಗೋಲು ಕವುಚಿದರೆ ಹಗಲಲ್ಲೇ ನಕ್ಷತ್ರ ಕಾಣುತ್ತಿತ್ತು. ತೊಗಲು ಬದಲಿಸೋ ಮಾರಾಯಾ ಅಂದರೆ ಕೇಳಲಿಲ್ಲ. ಅದರ ಬದಲು ನೂರು ಗೊರವಂಕ ಹಿಡಿದು ತಂದ. ಕಾಳು ಹಾಕಿ ಹಾಕಿ ಒಂದೇ ಪಾಠ ಕಲಿಸಿದ: "ಯಂಕಪ್ಪನ ಹರಿಗೋಲು ಗಟ್ಟಿ, ಯಂಕಪ್ಪನ ಹರಿಗೋಲು ಗಟ್ಟಿ." ಆಮೇಲೆ ನೂರು ಮನೆಯ ಸೂರಿನಲ್ಲಿ ನೂರು ಹಕ್ಕಿ ಬಿಟ್ಟ.

ಮರುದಿನ ಗಿಳಿ ಒಂದು ಬಾಗಿಲಲ್ಲಿ ಕೇಳಿತು, ಯಂಕಪ್ಪ. ಇನ್ನೊಂದು ಬಾಗಿಲಲ್ಲಿ ಕೇಳಿತು, ಯಂಕಪ್ಪ. ಮತ್ತೊಂದರಲ್ಲೂ ಯಂಕಪ್ಪ. ಮಧ್ಯಾಹ್ನದ ಹೊತ್ತಿಗೆ ಯಂಕಪ್ಪ ಮೊದಲಾದ, ಹುಲಿಗೆವ್ವ ಎರಡನೆಯವಳಾದಳು.

ಮೊದಲು ಒಬ್ಬ ಕುಂಬಾರ ಹತ್ತಿದ. ಕರಿಗುಂಡಿಯ ಹತ್ತಿರ ನೀರು ತುಂಬಿತು. ಗಡಿಗೆಗಳೆಲ್ಲ ಹೋದವು, ಕುಂಬಾರ ಈಜಿ ದಡ ಸೇರಿದ. ಕುಂಬಾರ ಅಲುಗಾಡಿದ ಅಂದ ಯಂಕಪ್ಪ.

ಆಮೇಲೆ ಒಬ್ಬ ಕುರುಬ ಹತ್ತಿದ. ಕರಿಗುಂಡಿಯ ಹತ್ತಿರ ನೀರು ತುಂಬಿತು. ಮರಿಗಳೆಲ್ಲ ಹೋದವು, ಕುರುಬ ಕಾಲಿನ ಮೇಲೆ ಹಲ್ಲಿನ ಗುರುತು ಹೊತ್ತು ದಡ ಸೇರಿದ. ಕುರುಬ ಎದ್ದು ನಿಂತ ಅಂದ ಯಂಕಪ್ಪ.

ಕೊನೆಗೆ ಒಬ್ಬ ಬಳೆಗಾರ ಹತ್ತಿದ. ಕರಿಗುಂಡಿಯ ಹತ್ತಿರ ನೀರು ತುಂಬಿತು. ಬಳೆಗಳ ಸದ್ದು ದಡದವರೆಗೂ ಕೇಳಿತು. ಆಮೇಲೆ ಕೇಳಲಿಲ್ಲ. ಈಜು ಬಲ್ಲ ಯಂಕಪ್ಪ ಒಬ್ಬನೇ ಖಾಲಿ ಹರಿಗೋಲು ಎಳೆದುಕೊಂಡು ಬಂದ. ಮುಳುಗಿದವರು ಯಾರ ಬಾಗಿಲಿಗೂ ಬಂದು ಬೈಯುವುದಿಲ್ಲ. ಗೊರವಂಕಗಳಂತೂ ಕೂಗುತ್ತಲೇ ಇದ್ದವು.

ಯಂಕಪ್ಪನ ಹರಿಗೋಲು ತೂತು ಅಂತ ಹುಲಿಗೆವ್ವ ಜನಕ್ಕೆ ಹೇಳಿದಳು. ಹೊಟ್ಟೆಕಿಚ್ಚು ಅಂದರು. ಕಡೆಗೆ ಗಿಳಿಯ ಹತ್ತಿರವೇ ಹೋದಳು.

"ಗಿಳಿಯವ್ವಾ, ನೀ ಕೇಳಿದ್ದು ಮನುಷ್ಯಾರ ದನಿ ಅಲ್ಲ, ಗೊರವಂಕದ ದನಿ."

"ಅಲ್ಲಿ ನೂರು ಬಾಯಿ ಅದಾವ, ನಿಂದು ಒಂದು ಬಾಯಿ. ನನಗಂತೂ ಕಣ್ಣು ಕಾಣಂಗಿಲ್ಲ. ಯಾರನ್ನ ನಂಬಲಿ?"

ಅದಕ್ಕೆ ಹುಲಿಗೆವ್ವ ಅಂದಳು, "ಯಾರನ್ನೂ ನಂಬಬ್ಯಾಡ. ಯಂಕಪ್ಪನ ಮಗಳು ನೀಲವ್ವ ತುಂಬಿದ ಬಸುರಿ. ಹೆರಿಗೆಗೆ ಇವತ್ತೋ ನಾಳೆಯೋ ತವರಿಗೆ ಬರತಾಳ. ಅಕಿ ಕೇಳಿದಾಗ ಎಂದಿನಂಗ ಮೊದಲನೇ ಹೆಸರು ಹೇಳು. ದಡದಾಗ ಕಾಯಾಕಿ ಯಾರು ಅಂತ ಯಂಕಪ್ಪಗ ಹೇಳಬ್ಯಾಡ. ಅವನ ಮಾತು ಮಾತ್ರ ಕೇಳು. ನಾ ನನ್ನ ಹರಿಗೋಲು ಇಟಗೊಂಡು ಇಲ್ಲೇ ಇರತೀನಿ, ಅಕಿ ಜೀವಕ್ಕ ನಾ ಹೊಣಿ."

ಮಗಳನ್ನು ಕರೆತರಬೇಕಾದ ಅಪ್ಪನಿಗೆ ಹಕ್ಕಿಗಳ ಪಾಠದಲ್ಲಿ ಪುರುಸೊತ್ತಿರಲಿಲ್ಲ. ಹಾಗಾಗಿ ಮರುದಿನ ನೀಲವ್ವನನ್ನು ಅವಳ ಅತ್ತೆಯೇ ಕರೆದುಕೊಂಡು ಬಂದಳು. ದಾರಿಯಲ್ಲೇ ನೋವು ಶುರುವಾಗಿತ್ತು. ಗಿಳಿ ಯಂಕಪ್ಪನ ಹೆಸರು ಹೇಳಿತು, ಈಚೆ ದಡಕ್ಕೆ ಕೇಳುವಂತೆ ಕೂಗಿ ಅವನನ್ನು ಕರೆಯಿತು. ಯಂಕಪ್ಪ ಒಂದು ಕೈಯಲ್ಲಿ ಹುಟ್ಟು ಹಾಕುತ್ತ, ಇನ್ನೊಂದು ಕೈಯಲ್ಲಿ ನೀರು ಮೊಗೆದು ಚೆಲ್ಲುತ್ತ ಬಂದ. ನೋಡಿದರೆ ದಡದಲ್ಲಿ ನಿಂತವಳು ಅವನ ಮಗಳೇ.

ನೀಲವ್ವನಿಗೆ ನೋವಿನಲ್ಲೂ ಹೆಮ್ಮೆ. "ಅಪ್ಪಾ, ಗಿಳಿ ನಿನ್ನ ಹೆಸರೇ ಮೊದಲು ಹೇಳ್ತು," ಅಂದು ಕಾಲೆತ್ತಿದಳು.

"ಹತ್ತಬ್ಯಾಡ ಯವ್ವಾ."

"ಯಾಕಪ್ಪಾ?" ಅಂದಳು ಮಗಳು.

"ಬಿಸಿಲು ಭಾಳ ಐತಿ."

"ಯಾಕ ಬೀಗರ, ನೋವು ತಿನ್ನಾಕಿಗಿ ಬಿಸಿಲೇನು?" ಅಂದಳು ಅತ್ತೆ.

"ಗಾಳಿ... ಗಾಳಿ ಸರಿ ಇಲ್ಲ."

ಎಲೆ ಕೂಡ ಅಲುಗುತ್ತಿರಲಿಲ್ಲ. ನೀಲವ್ವ ಹೊಟ್ಟೆ ಹಿಡಿದುಕೊಂಡು ಒಂದು ಕಾಲು ಒಳಗಿಟ್ಟೇಬಿಟ್ಟಳು. ಬುಡದಿಂದ ನೀರು ಬುಗ್ಗೆಯಾಗಿ ಎದ್ದು ಅವಳ ಪಾದ ಮುಚ್ಚಿತು.

"ಯಾಕ ಹತ್ತಬಾರದು ಯಂಕಪ್ಪಾ?" ಅಂತ ಮರದ ಮೇಲಿಂದ ಗಿಳಿ ಕೇಳಿತು.

ಯಂಕಪ್ಪ ಮಗಳನ್ನು ಎರಡೂ ಕೈಯಲ್ಲಿ ಎತ್ತಿ ದಡಕ್ಕಿಟ್ಟ. "ತೂತು ಐತಿ. ಬುಡ ಪೂರಾ ತೂತು. ಕರಿಗುಂಡಿ ಮುಟ್ಟೂದರಾಗ ತುಂಬತೈತಿ."

ದಡದ ಮೇಲಿದ್ದವರೆಲ್ಲ ಕೇಳಿಸಿಕೊಂಡರು. ನೀಲವ್ವ ಬಗ್ಗಿ ನೋಡಿದಳು. ಬಿದಿರಿನ ಹೆಣಿಗೆಯ ಸಂದಿನಲ್ಲಿ ಒಂದು ಕೆಂಪು ಬಳೆ ಸಿಕ್ಕಿಕೊಂಡಿತ್ತು. ಬಳೆಗಾರ ಮುಳುಗಿದ ಸುದ್ದಿ ಅವಳ ಅತ್ತೆಮನೆಗೂ ಮುಟ್ಟಿತ್ತು, ಯಾರ ಹರಿಗೋಲಿನಲ್ಲಿ ಅಂತ ಮಾತ್ರ ಗೊತ್ತಿರಲಿಲ್ಲ.

"ಬಳೆಗಾರಗೂ ಹತ್ತಬ್ಯಾಡ ಅಂದಿದ್ದೇನಪ್ಪಾ?" ಅಂತ ಕೇಳಿದಳು.

ಉತ್ತರಕ್ಕೆ ಕಾಯದೆ ನೀಲವ್ವ ಹುಲಿಗೆವ್ವನ ಹರಿಗೋಲು ಹತ್ತಿದಳು. ಕರಿಗುಂಡಿಯ ಪಕ್ಕದಲ್ಲೇ ಮೊಸಳೆಯೊಂದು ಬೆನ್ನು ತೋರಿಸಿತು, ಒಳಗೆ ಮಾತ್ರ ಒಂದು ಹನಿ ನೀರು ಬರಲಿಲ್ಲ. ಹೊತ್ತು ಮುಳುಗುವ ಮುಂಚೆ ಗಂಡು ಮಗು ಹುಟ್ಟಿತು, ತಾಯಿ ಮಗು ಕ್ಷೇಮ.

ರಾಜನ ಆಳುಗಳು ಯಂಕಪ್ಪನ ಹರಿಗೋಲು ಒಡೆದು ಒಲೆಗೆ ಹಾಕಿದರು, ಇನ್ನೆಂದೂ ಅವನು ಹುಟ್ಟು ಹಿಡಿಯಬಾರದು ಅಂತ ಅಪ್ಪಣೆಯಾಯಿತು. ಗಿಳಿ ಅವನ ಹೆಸರು ಎತ್ತುವುದನ್ನೇ ಬಿಟ್ಟಿತು. ಅಂದಿನಿಂದ ಅದು ಬಾಗಿಲಲ್ಲಿ ಹೊಗಳಿಕೆ ಕೇಳಿಯಷ್ಟಕ್ಕೇ ಬಿಡುವುದಿಲ್ಲ, ನೀನು ದಾಟಿದ್ದೀಯಾ, ನಿನ್ನ ಮಕ್ಕಳನ್ನು ದಾಟಿಸಿದ್ದೀಯಾ ಅಂತಲೂ ಕೇಳುತ್ತದೆ.

ಆದರೆ ಗೊರವಂಕಗಳಿಗೆ ರಾಜನ ಅಪ್ಪಣೆ ಗೊತ್ತಾಗುತ್ತದೆಯೇ? ಯಂಕಪ್ಪ ಬಲೆ ಹಿಡಿದು ಮನೆಮನೆ ಅಲೆದ. ಹತ್ತು ಹಿಡಿಯುವುದರೊಳಗೆ ಇಪ್ಪತ್ತು ಮರಿ ಅದೇ ಮಾತು ಕಲಿತಿರುತ್ತಿದ್ದವು. ಈಗಲೂ ಯಾವುದಾದರೂ ಸೂರಿನಿಂದ "ಯಂಕಪ್ಪನ ಹರಿಗೋಲು ಗಟ್ಟಿ" ಅಂತ ಕೇಳಿದರೆ ಆ ಊರಿನ ತಾಯಂದಿರು ಮಕ್ಕಳನ್ನು ಎದೆಗೆ ಅವಚಿಕೊಳ್ಳುತ್ತಾರೆ. ನೀಲವ್ವನೂ ಅಷ್ಟೇ, ಮಗನ ಎರಡೂ ಕಿವಿ ಮುಚ್ಚುತ್ತಾಳೆ.

ಈಗ ನಿಮ್ಮ ವೆಬ್‌ಸೈಟಿನ ಮಾತು. ಬಾಡಿಗೆಯ ಹೊಗಳಿಕೆ, ಸುಳ್ಳು ಲಿಂಕು, ಒಂದೇ ಮಾತನ್ನು ನೂರು ಕಡೆ ಬರೆಸುವುದು, ಇವೆಲ್ಲ ಗೊರವಂಕಗಳು. ನಾಲ್ಕು ದಿನ ಮೇಲಕ್ಕೆ ಏರಿಸುತ್ತವೆ, ಇಳಿಸುವಾಗ ಕರಿಗುಂಡಿಗೇ ಇಳಿಸುತ್ತವೆ. ಮೊದಲು ಹರಿಗೋಲು ಕವುಚಿ ಬಿಸಿಲಿಗೆ ಹಿಡಿದು ನೋಡಿ. ನಿಮ್ಮ ಮಗಳನ್ನು ಹತ್ತಿಸದ ಹರಿಗೋಲಿಗೆ ಊರಿನವರನ್ನು ಕರೆಯಬೇಡಿ. ಇದೇ ನೀತಿ, ಇದೇ ಉಪಾಯ.