ಕೆಂಚನ ಕೋತಿ ಸೇವೆ

ನಗೋದಾದ್ರೆ ನಗಿ ಕಣ್ರಪ್ಪ. ಆದ್ರೆ ಆ ಚೌಡವ್ವ ಮಾತ್ರ ಒಂದಿನಾನೂ ನಗಲಿಲ್ಲ ಅಂತ ಮೊದಲೇ ಹೇಳಿರ್ತೀನಿ.

ಬಂಡೆಬೆಟ್ಟದ ಬುಡದಲ್ಲಿ ಚೌಡವ್ವ ಅಂತ ಒಬ್ಬಳು ಮುದುಕಿ. ಅವಳಿಗೊಬ್ಬನೇ ಮಗ, ಕೆಂಚ. ಆಳುದ್ದ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರೀಲಿತ್ತು. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ.

ಒಂದಿನ ಚೌಡವ್ವನಿಗೆ ಎದೆ ಹಿಡ್ಕೊಂಡಂಗಾಯ್ತು. ಗೋಡೆಗೆ ಒರಗಿ, "ನಾನು ಕಣ್ಣು ಮುಚ್ಚಿದ್ರೆ ನಿನ್ನ ಗತಿಯೇನೋ ಮಗನೇ!" ಅಂದ್ಲು. ಅಷ್ಟೇ! "ಮುಚ್ಚಬ್ಯಾಡ ಕಣವ್ವೋ!" ಅಂತ ಕೆಂಚ ಓಡಿಬಂದು ಅವಳ ರೆಪ್ಪೆ ಎರಡನ್ನೂ ಬೆರಳಲ್ಲಿ ಎತ್ತಿ ಹಿಡ್ಕೊಂಡು ಕೂತ. ಅವಳ ಕಣ್ಣಲ್ಲಿ ನೀರು ಸುರಿದ್ರೂ ಬಿಡ, ಬೈದ್ರೂ ಬಿಡ. ಇವನಿಗೊಂದು ನೆಲೆ ಕಾಣಿಸದೆ ನಾನು ಸಾಯೋ ಹಂಗೂ ಇಲ್ಲವಲ್ಲ ಅಂತ ಚೌಡವ್ವನಿಗೆ ಹೆದರಿಕೆ ಹತ್ತಿಕೊಳ್ತು.

ಬೆಟ್ಟದ ಆಚೆ ಪಂಕಜಕ್ಕ ನಡೆಸೋ ಕೋತಿಗಳ ಆಸರೆ ಇತ್ತು. ಕರೆಂಟು ತಂತಿ ಹೊಡೆದು ಕೈ ಹೋದವು, ಕೋತಿ ಆಡಿಸೋರ ಹಗ್ಗದಿಂದ ಬಿಡಿಸಿ ತಂದವು, ಎಲ್ಲ ಅಲ್ಲಿರೋವು. ಊರೂರಿಂದ ಜನ ಬಂದು ಸಂಬಳ ಇಲ್ಲದೆ ಸೇವೆ ಮಾಡಿ ಹೋಗೋರು. ಚೌಡವ್ವ ಅಲ್ಲಿ ಅಡುಗೆಮನೇಲಿ ತರಕಾರಿ ಹೆಚ್ಚೋಳು. ಮಗನ ವಿಷಯ ಎತ್ತಿದಾಗ ಪಂಕಜಕ್ಕ, "ಬರಲಿ ಚೌಡಮ್ಮ. ನಾಲ್ಕು ದಿನ ಸೇವೆ ಮಾಡಲಿ. ಹೊಂದಿಕೊಂಡ್ರೆ ಇಲ್ಲೇ ಇದ್ದುಬಿಡಲಿ, ಊಟ ವಸತಿ ನಮ್ಮದು" ಅಂದಳು.

ನೆಲೆ ಸಿಕ್ತು ಅನ್ನಿ. ಆದ್ರೆ ಅಲ್ಲೊಂದು ಗಡವ ಕೋತಿ ಇತ್ತಲ್ಲ, ದೊಡ್ಡಯ್ಯ! ಕತ್ತಿನ ಸುತ್ತ ಹಳೇ ಸರಪಳಿಯ ಗಾಯ. ಮನುಷ್ಯರ ನೆರಳು ಕಂಡ್ರೆ ಆಗ್ತಿರಲಿಲ್ಲ. ಹಿಂದೆ ಇದ್ದ ಆಳಿನ ಹೆಬ್ಬೆರಳು ಅದರ ಹೊಟ್ಟೆ ಸೇರಿತ್ತು. ಅದು ಬೋನಿನೊಳಗೆ ಗುರ್ ಅಂದ್ರೆ ಇಲ್ಲಿ ಚೌಡವ್ವನ ಈಳಿಗೆಮಣೆ ನಿಂತುಹೋಗ್ತಿತ್ತು.

"ಸೇವೆ ಮಾಡೋ ಮಗಾ, ಚೆನ್ನಾಗಿ ಸೇವೆ ಮಾಡು!" ಅಂತ ದಾರಿಯುದ್ದಕ್ಕೂ ಹೇಳ್ಕೊಂಡು ಕರ್ಕೊಂಡು ಬಂದ್ಲು.

ಕೆಂಚ ಕಂಡಿದ್ದ ಸೇವೆ ಹನುಮಪ್ಪನ ಗುಡೀದು. ಬಂದವನೇ ನೀರಿನ ತೊಟ್ಟೀಲಿ ಮುಳುಗೆದ್ದ. ಒದ್ದೆ ಪಂಚೇಲಿ ಅಡ್ಡ ಮಲಗಿದ. "ಗೋವಿಂದಾ! ಗೋವಿಂದ!" ಅಂತ ದೊಡ್ಡಯ್ಯನ ಬೋನಿನ ಸುತ್ತ ಉರುಳುಸೇವೆ ಶುರು! ಒಂದು ಸುತ್ತು ಮುಗಿಯೋದ್ರೊಳಗೆ ಜಾಲರಿಯಿಂದ ಕಪ್ಪು ಕೈಯೊಂದು ಬಂತು. ತಲೆಗೂದಲಿಗೇ ಬಿತ್ತು ಹಿಡಿತ!

ಚೌಡವ್ವ ಬಿದ್ದೆದ್ದು ಓಡಿಬಂದು ಮಗನ ಕಾಲು ಹಿಡಿದು ಎಳೆದಳು. ಕೆಂಚ ಈಚೆ ಬಂದ, ಒಂದು ಹಿಡಿ ಕೂದಲು ಆಚೆ ಉಳೀತು.

"ಅಯ್ಯೋ ಪೆದ್ದ ಮುಂಡೇದೆ! ಸೇವೆ ಅಂದ್ರೆ ಉರುಳೋದಲ್ವೋ! ಒಂದು ಕಡೆ ಕೂತು ಅದನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಯಿ!"

"ಆಗ್ಲಿ ಕಣವ್ವ."

ಕಾಯ್ದ! ಬೋನಿನ ಮುಂದೆ ಕುಕ್ಕರಗಾಲಲ್ಲಿ ಕೂತು ದೊಡ್ಡಯ್ಯನ ಕಣ್ಣಲ್ಲಿ ಕಣ್ಣಿಟ್ಟ. ರೆಪ್ಪೆ ಮಿಟುಕಿಸಲಿಲ್ಲ. ಕೋತಿ ಜಾತಿಗೆ ಕಣ್ಣಿಗೆ ಕಣ್ಣು ಕೊಟ್ರೆ ಕುಸ್ತಿಗೆ ಕರೆದಂಗೆ ಕಣ್ರಪ್ಪ! ದೊಡ್ಡಯ್ಯ ಹಲ್ಲು ಕಿರೀತು. ಮರ್ಯಾದೆಗೆ ಇವನೂ ಹಲ್ಲು ಕಿರಿದ. ಅದು ಹಾರಿ ಜಾಲರಿಗೆ ಗುದ್ದಿದ ರಭಸಕ್ಕೆ ಮೊಳೆಗಳು ಉದುರಿದವು. ಚೌಡವ್ವ ಮಗನ ರಟ್ಟೆ ಹಿಡಿದು ಈಚೆಗೆ ಎಳೆದಳು.

"ನಿನ್ನ ಮನೆ ಕಾಯ್ವಾಗ! ಯಾರೇ ಎದುರಿಗೆ ಬರಲಿ, ಕಣ್ಣು ತಗ್ಗಿಸು, ತುಟಿ ಬಿಗಿ, ಹಿಂದ್ಹಿಂದಕ್ಕೆ ಬಂದುಬಿಡು! ತಿಳೀತಾ?"

"ತಿಳೀತು ಕಣವ್ವ."

ಮಾರನೇ ದಿನ ಎದುರಿಗೆ ಬಂದೋರು ಯಾರು? ಮಂಡಿ ರುದ್ರಪ್ಪನೋರು! ಆ ಕೋತಿಗಳಿಗೆಲ್ಲ ಕಡಲೆಕಾಯಿ ಮೂಟೆ, ಬಾಳೆಗೊನೆ ಕೊಟ್ಟು ಸಾಕ್ತಿದ್ದ ಪುಣ್ಯಾತ್ಮ. "ಏನಪ್ಪಾ, ಪಂಕಜಮ್ಮ ಇದಾರಾ?" ಅಂದ್ರು. ಕೆಂಚ ಕಣ್ಣು ತಗ್ಗಿಸಿದ. ತುಟಿ ಬಿಗಿದ. ಹಿಂದ್ಹಿಂದಕ್ಕೆ ನಡೆದ.

"ಅಲ್ಲಯ್ಯಾ, ನಾನೇನು ಕಚ್ತೀನಾ?"

ಇವನು ಇನ್ನೂ ಹಿಂದಕ್ಕೆ. ಕೊನೆಗೆ ನೀರಿನ ತೊಟ್ಟಿಗೇ ಬಿದ್ದ! ರುದ್ರಪ್ಪನೋರ ಬಿಳೀ ಅಂಗಿಯೆಲ್ಲ ಕೆಸರು. "ಕೋತಿಗಿಂತ ಕಡೆಯಾದೆನಾ ನಾನು!" ಅಂತ ಮೂಟೆ ಸಮೇತ ಗಾಡಿ ತಿರುಗಿಸಿಕೊಂಡು ಹೊರಟೇಹೋದ್ರು.

ಪಂಕಜಕ್ಕನ ಮುಖ ಕಪ್ಪಿಟ್ಟಿತು. "ಚೌಡಮ್ಮ, ಇನ್ನೊಂದು ಎಡವಟ್ಟಾದ್ರೆ ಇವನನ್ನ ಕರ್ಕೊಂಡು ಹೋಗಿಬಿಡಿ" ಅಂದಳು.

ಚೌಡವ್ವ ಮಗನನ್ನ ಮೂಲೆಗೆ ಎಳ್ಕೊಂಡು ಹೋದಳು. "ದೊಡ್ಡೋರು ಬಾಗಿಲಿಗೆ ಬಂದ್ರೆ ಚಿಲಕ ತೆಗೆದು, ‘ಬನ್ನಿ ಸ್ವಾಮಿ, ನಿಮ್ಮದೇ ಮನೆ’ ಅನ್ನಬೇಕು ಕಣೋ!" ಹೇಳಿದ ಮೇಲೆ ಅವಳಿಗೆ ಪುಕುಪುಕು. ಏನು ಹೇಳಿಬಿಟ್ಟೆನೋ, ಇವನು ಏನು ಮಾಡಿಬಿಡ್ತಾನೋ! ಕೋತಿಗಿಂತ ಅವಳಿಗೀಗ ತನ್ನ ನಾಲಿಗೇದೇ ಭಯ.

ಮಾರನೇ ಬೆಳಿಗ್ಗೆ ದೊಡ್ಡಯ್ಯ ತನ್ನ ಬೋನಿನ ಬಾಗಿಲಿಗೆ ಬಂದು ನಿಂತಿತು. ಕೆಂಚ ನೋಡಿದ. ಈ ಜಾಗದಲ್ಲಿ ದೊಡ್ಡಯ್ಯನಿಗಿಂತ ದೊಡ್ಡೋರು ಯಾರು? ಚಿಲಕ ಎಳೆದೇಬಿಟ್ಟ!

"ಬನ್ನಿ ಸ್ವಾಮಿ, ನಿಮ್ಮದೇ ಮನೆ!"

ದೊಡ್ಡಯ್ಯ ಈಚೆಗೆ ಬಂತು. ನೇರ ಅಡುಗೆಮನೆಗೇ ಹೋಯ್ತು. ಅಲ್ಲಿ ಚೌಡವ್ವ, ತಾಯಿ ಸತ್ತ ಕೋತಿಮರಿಯೊಂದನ್ನ ಮಡಿಲಲ್ಲಿಟ್ಕೊಂಡು ಹಾಲು ಕುಡಿಸ್ತಾ ಕೂತಿದ್ದಳು. ತಲೆ ಎತ್ತಿದ್ರೆ ಹೊಸ್ತಿಲ ಮೇಲೆ ದೊಡ್ಡಯ್ಯ! ಚೌಡವ್ವ ಮರೀನ ಎದೆಗೆ ಅವುಚಿಕೊಂಡಳು. ಮರಿ ಅವಳ ಸೀರೆಗೆ ಕಚ್ಕೊಳ್ತು. ಅಂಗಳದಲ್ಲಿ ಪಂಕಜಕ್ಕ ಎದೆ ಹಿಡ್ಕೊಂಡು ಕಿರುಚಿದಳು.

"ಅದನ್ನ ಯಾಕೋ ಬಿಟ್ಟೆ ಪಾಪಿ! ಅದರ ಬದಲು ನೀನು ಬೋನಲ್ಲಿರಬೇಕಿತ್ತು!"

"ಆಗ್ಲಿ ಅಕ್ಕಾ."

ಹೋಗಿ ಬೋನಿನೊಳಗೆ ಕೂತ! ಸುಮ್ಮನೆ ಕೂತನಾ? ದೊಡ್ಡಯ್ಯನ ಬಾಳೆಹಣ್ಣು ಸುಲಿದ. ಸುಲಿಯೋ ಸದ್ದಿಗೆ ದೊಡ್ಡಯ್ಯ ಗಕ್ಕನೆ ತಿರುಗಿ ನೋಡಿತು. ತನ್ನ ಜಾಗ! ತನ್ನ ಹಣ್ಣು! ಅಡುಗೆಮನೆ ಬಿಟ್ಟು ಬಾಣದಂಗೆ ಬೋನಿಗೆ ನುಗ್ಗಿತು.

ಚೌಡವ್ವ ಬದುಕಿದಳು, ಮಗ ಸಿಕ್ಕಿಹಾಕಿಕೊಂಡ. ಮರೀನ ಕೆಳಗಿಟ್ಟು ಬೋನಿನ ಹಿಂದಕ್ಕೆ ಓಡಿದಳು. ಕಸ ಗುಡಿಸೋಕೆ ಅಂತ ಅಲ್ಲೊಂದು ಕಿರುಬಾಗಿಲಿತ್ತು. ಅದನ್ನ ತೆಗೆದಳು. ಒಳಗೆ ದೊಡ್ಡಯ್ಯ ಮೈಯೆಲ್ಲ ರೋಮ ನಿಮಿರಿಸಿ ನಿಂತಿದೆ. ಕೆಂಚ ಹಣ್ಣು ಹಿಡ್ಕೊಂಡು ಅದರ ಮುಖಾನೇ ನೋಡ್ತಿದಾನೆ.

ಏನು ಹೇಳೋದು ಈಗ? "ಓಡು" ಅಂದ್ರೆ ಯಾವ ಕಡೆಗೆ ಓಡ್ತಾನೋ! "ಬಿಟ್ಟುಬಿಡು" ಅಂದ್ರೆ ಏನನ್ನ ಬಿಡ್ತಾನೋ! ಒಂದು ಮಾತು ತಪ್ಪಿದ್ರೆ ಮಗ ಇಲ್ಲ. ಹನುಮಪ್ಪಾ, ನನ್ನ ನಾಲಿಗೆ ಮೇಲೆ ನೀನೇ ಕೂತ್ಕೊಳಪ್ಪಾ ಅಂತ ಮುದುಕಿ ಒಳಗೊಳಗೇ ಗೋಗರೆದಳು.

"ಕೆಂಚಾ," ಅಂದಳು ಮೆಲ್ಲಗೆ, "ರುದ್ರಪ್ಪನೋರು ಬಂದವ್ರೆ ಕಣಪ್ಪಾ. ನಿನ್ನೆ ಅವರ ಎದುರಿಗೆ ಮಾಡಿದ್ಯಲ್ಲ, ಹಂಗೇ ಮಾಡು."

ಕೆಂಚ ಕಣ್ಣು ತಗ್ಗಿಸಿದ. ತುಟಿ ಬಿಗಿದ. ಹಿಂದ್ಹಿಂದಕ್ಕೆ ಬಂದ. ದೊಡ್ಡಯ್ಯ ಹಣ್ಣು ಕಿತ್ಕೊಂಡು, ಮೊಣಕೈಗೊಂದು ಉಗುರಿನ ಗೀರು ಹಾಕಿ ಅಲ್ಲೇ ಕೂತುಬಿಡ್ತು. ಕೆಂಚನ ಬೆನ್ನು ಕಿರುಬಾಗಿಲು ದಾಟಿದ್ದೇ ತಡ, ಚೌಡವ್ವ ಹಿಂದಿನ ಚಿಲಕ ಹಾಕಿದಳು, ಪಂಕಜಕ್ಕ ಮುಂದಿನ ಚಿಲಕ ಹಾಕಿದಳು.

ಪಂಕಜಕ್ಕ ಬೋನಿನ ಹಿಂದಕ್ಕೆ ಓಡಿಬಂದು ಅವರಿಬ್ಬರ ಪಕ್ಕ ಕೂತಳು. ಚೌಡವ್ವ ಮಗನ ಮೈಯೆಲ್ಲ ತಡವಿ ನೋಡಿ ಗೊಳೋ ಅಂತ ಅತ್ತಳು. "ಕರ್ಕೊಂಡು ಹೋಗ್ತೀನಿ ಅಕ್ಕಾರೆ. ನಾನಿದ್ದೆ, ಹೇಳಿದೆ, ಬದುಕಿದ. ನಾನಿಲ್ಲದ ದಿನ ಇವನಿಗೆ ಯಾರು ಹೇಳ್ತಾರೆ?"

ಪಂಕಜಕ್ಕ ಅವಳನ್ನ ತಡೆದಳು. "ಹೋಗಬೇಡಿ ಚೌಡಮ್ಮ. ಬಾಯಿಗೆ ಬಂದಿದ್ದನ್ನ ಅಂದು ಅವನನ್ನ ಬೋನಿಗೆ ಕಳಿಸಿದವಳು ನಾನು. ಇವನಿಗೆ ಹೆಂಗೆ ಹೇಳಬೇಕು ಅಂತ ನನಗೆ ಕಲಿಸಿಕೊಡಿ. ನೀವಿದ್ರೂ ಇಲ್ಲದಿದ್ರೂ ನಾನಿವನ ಕೈ ಬಿಡಲ್ಲ."

ಕೆಂಚನ ಕಿವಿ ನಿಮಿರಿತು. ಗಬಕ್ಕನೆ ಪಂಕಜಕ್ಕನ ಕೈ ಹಿಡ್ಕೊಂಡ. ಅವಳು ಎದ್ರೆ ಎದ್ದ, ಕೂತ್ರೆ ಕೂತ. ಕೊಡವಿದ್ರೂ ಬಿಡಲಿಲ್ಲ. "ಬಿಡಲ್ಲ ಅಂದೆಯಲ್ಲಕ್ಕಾ!" ಅಂದ. ಆಮೇಲೆ ಅವ್ವನ ಕಡೆ ತಿರುಗಿದ. ಮುಖದ ತುಂಬ ನಗು.

"ಅವ್ವಾ, ಅಕ್ಕ ಕೈ ಬಿಡಲ್ವಂತೆ. ಇನ್ನು ನೀನು ಕಣ್ಣು ಮುಚ್ಚವ್ವಾ!"

ಅಂದವನೇ ಇನ್ನೊಂದು ಕೈಯಲ್ಲಿ ಅವಳ ರೆಪ್ಪೆ ಎರಡನ್ನೂ ಮೆತ್ತಗೆ ಕೆಳಗೆ ಎಳೆದ.